ಅಪ್ಪನ ಕೋವಿಗೊಬ್ಬ ಗಿರಾಕಿ

ಅರಸೀಕೆರೆಯ ಆ ಕೋವಿ ಅಂಗಡಿಯನ್ನು ನೆನೆದರೆ ಮೊದಲು ಬರುವುದು ಎಣ್ಣೆಯ ವಾಸನೆ. ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಗಿಂತ ತುಸು ಸಿಹಿ, ಮೂಗಿಗೆ ಹತ್ತಿದ ಮೇಲೆ ನಿದ್ದೆ ಎಳೆಯುವಂಥದ್ದು. ರೈಲು ನಿಲ್ದಾಣದ ಕಡೆಯ ಗದ್ದಲ, ತೆಂಗಿನಕಾಯಿ ಲಾರಿಗಳ ಹಾರನ್ನು, ಎಲ್ಲವೂ ಅಂಗಡಿಯ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತುಬಿಡುತ್ತಿದ್ದವು. ಒಳಗೆ ಸದಾ ಒಂದು ಮಬ್ಬು. ಗೋಡೆಗೆ ಒರಗಿದ ಕೋವಿಗಳ ಉದ್ದಕ್ಕೂ ಒಂದೇ ಸರಪಳಿ ಹಾದುಹೋಗಿ ಕೊನೆಯಲ್ಲಿ ದಪ್ಪನೆಯ ಬೀಗದಲ್ಲಿ ಮುಗಿಯುತ್ತಿತ್ತು. ಗಾಜಿನ ಬೀರುವಿನಲ್ಲಿ ಕೋವಿಗೆ ತುಂಬುವ ಕೆಂಪು, ಹಸಿರು, ನೀಲಿ ತೋಟೆಗಳು. ಚಿಕ್ಕವಳಿದ್ದಾಗ ನಾನು ಅವನ್ನು ಬಣ್ಣದ ಸೀಮೆಸುಣ್ಣ ಎಂದುಕೊಂಡು, ಒಂದು ಕೊಡಿಸಿ ಎಂದು ಹಠ ಹಿಡಿದಿದ್ದೆನಂತೆ.

ಅಪ್ಪನ ಜೊತೆ ಅಲ್ಲಿಗೆ ಹೋದದ್ದು ಒಂದೆರಡು ಸಲವಲ್ಲ. ಮೊದಮೊದಲು ಬಸ್ಸಿನಲ್ಲಿ, ಆಮೇಲೆ ಅಪ್ಪನ ಸ್ಕೂಟರಿನ ಹಿಂದೆ, ಈಚೆಗೆ ನಾನೇ ಓಡಿಸುವ ಕಾರಿನಲ್ಲಿ. ಆದರೆ ನೆನಪಿನಲ್ಲಿ ಅವೆಲ್ಲ ಕಲೆತು ಒಂದೇ ಮಧ್ಯಾಹ್ನವಾಗಿಬಿಟ್ಟಿವೆ. ಒಂದು ಗಳಿಗೆ ಲಂಗ ಹಾಕಿಕೊಂಡು ಆ ಅಂಗಡಿಯ ಬೆಂಚಿನ ಮೇಲೆ ಕಾಲಾಡಿಸುತ್ತ ಕೂತಿರುತ್ತೇನೆ. ಇನ್ನೊಂದು ಗಳಿಗೆಗೆ ಅದೇ ಬೆಂಚಿನ ಮೇಲೆ ಕಾರಿನ ಕೀಲಿಕೈ ತಿರುಗಿಸುತ್ತ, ಮನೆಯಲ್ಲಿ ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತಲ್ಲ ಎಂದು ಚಡಪಡಿಸುತ್ತಿರುತ್ತೇನೆ. ಎರಡರ ನಡುವೆ ಮೂವತ್ತು ವರ್ಷಕ್ಕೂ ಮೇಲೆ ಕಳೆದಿದೆ ಎಂದು ನನಗೇ ನಂಬಿಕೆ ಬರುವುದಿಲ್ಲ. ಬೆಂಚು ಮಾತ್ರ ಅದೇ.

ನಾವು ಹಳೇಬೀಡಿನ ಬಸದಿಗಳ ಹತ್ತಿರದ ಜೈನರು. ಒಂದಿಷ್ಟು ತೆಂಗು, ಅದರಾಚೆ ಮುಸುಕಿನ ಜೋಳದ ಹೊಲ, ಹೊಲದ ಬೆನ್ನಿಗೆ ಕುರುಚಲು ಗುಡ್ಡ. ಗುಡ್ಡ ಇದ್ದ ಮೇಲೆ ಹಂದಿ ಇರಲೇಬೇಕು. ತಾತನ ಕಾಲದಲ್ಲೇ ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದು ಒಂದು ಜೋಡುನಳಿಗೆಯ ಕೋವಿ ತಂದಿಟ್ಟಿದ್ದರು. ತಾತ ಹೋದ ಮೇಲೆ ಅದು ಅಪ್ಪನ ಹೆಸರಿಗೆ ಬಂತು. ಅಪ್ಪನೆಂದರೆ ಇರುವೆ ಸಾಲು ಕಂಡರೆ ಕಾಲೆತ್ತಿ ದಾಟುವವರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವರು, ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ ಕೈತೊಳೆಯುವವರು. ಅಂಥವರ ಹೆಗಲ ಮೇಲೆ ಕೋವಿ ನೋಡಿ ನಗದವರು ಊರಿನಲ್ಲಿ ಯಾರೂ ಇರಲಿಲ್ಲ.

ಆದರೆ ಅಪ್ಪ ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ತೋಟೆ ಕೊಂಡ ಕೂಡಲೇ ಅಂಗಡಿಯಲ್ಲೇ ಅದರ ತಲೆ ಬಿಚ್ಚಿಸಿ ಒಳಗಿನ ಸೀಸದ ಕಾಳುಗಳನ್ನು ಸುರಿಸಿಬಿಡುತ್ತಿದ್ದರು. ಮದ್ದು ಇರಬೇಕು, ಕಾಳು ಇರಕೂಡದು. ಸದ್ದಾಗಬೇಕು, ಗಾಯ ಆಗಕೂಡದು. ಅಂಗಡಿಯ ಸಾಹೇಬರು ಆ ಕೆಲಸಕ್ಕೆಂದೇ ಒಂದು ಹಿತ್ತಾಳೆಯ ತಟ್ಟೆ ಇಟ್ಟಿದ್ದರು. ಅಪ್ಪ ಮೆಟ್ಟಿಲು ಹತ್ತುವುದನ್ನು ಕಂಡರೆ ಸಾಕು, ತಟ್ಟೆ ಒರೆಸಿ ಮುಂದಿಡುತ್ತಿದ್ದರು.

"ಬನ್ನಿ ಯಜಮಾನ್ರೆ. ನನ್ನ ಅಂಗಡೀಲಿ ಒಡೆದು ನೋಡಿ ಕೊಳ್ಳೋ ಗಿರಾಕಿ ನೀವೊಬ್ರೇ."

"ಒಡೆದು ನೋಡ್ತಿಲ್ಲ ಸಾಹೇಬ್ರೆ, ಸೋಸಿ ಕೊಳ್ತಿದೀನಿ."

ಈ ಮಾತು ಪ್ರತಿ ಸಲವೂ ಆಗುತ್ತಿತ್ತು, ಪ್ರತಿ ಸಲವೂ ಇಬ್ಬರೂ ಹೊಸದಾಗಿ ಕೇಳಿದವರ ಹಾಗೆ ನಗುತ್ತಿದ್ದರು. ಆಮೇಲೆ ಕಾಳುಗಳು ತಟ್ಟೆಗೆ ಬೀಳುವ ಸದ್ದು. ಒಗ್ಗರಣೆಗೆ ಸಾಸಿವೆ ಸುರಿದಂತೆ, ಸಣ್ಣಗೆ, ಬಿಡುವಿಲ್ಲದೆ. ಆ ಸದ್ದಿಗೆ ಅಪ್ಪನ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ಸಲ ನಿದ್ದೆ ಹೋಗಿದ್ದೇನೋ. ಎಚ್ಚರವಾದಾಗ ಬಾಣಾವರ ದಾಟಿರುತ್ತಿತ್ತು, ಬಸ್ಸಿನ ಕಿಟಕಿಯಾಚೆ ತೆಂಗಿನ ಸಾಲುಗಳು ಹಿಂದಕ್ಕೆ ಹೋಗುತ್ತಿರುತ್ತಿದ್ದವು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಅಪ್ಪ ಸೂರ್ಯನನ್ನು ಒಮ್ಮೆ ನೋಡಿಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಮನೆ ಸೇರಬೇಕಲ್ಲ.

ತೆಗೆದ ಕಾಳುಗಳನ್ನು ಏನು ಮಾಡುವುದು ಎಂಬುದು ಇನ್ನೊಂದು ಕಷ್ಟ. ಹಳೇಬೀಡಿನ ಕೆರೆಯಲ್ಲಿ ಬಲೆ ಬೀಸುವವರಿಗೆ ಕೊಟ್ಟರೆ ಬಲೆಯ ತೂಕಕ್ಕೆ ಆಗುತ್ತದೆ ಎಂದು ಸಾಹೇಬರು ಒಮ್ಮೆ ಸಲಹೆ ಕೊಟ್ಟರು. ಹಂದಿ ಉಳಿಸಿ ಮೀನು ಕೊಂದಂತಾಯಿತಲ್ಲ ಎಂದು ಅಪ್ಪ ಹೌಹಾರಿದರು. ಅಂಗಡಿಯಲ್ಲೇ ಬಿಟ್ಟರೆ ಅವು ಇನ್ನೊಬ್ಬರ ತೋಟೆಗೆ ಹೋಗುತ್ತವೆ. ಹಾಗಾಗಿ ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತರುತ್ತಿದ್ದರು. ಅಮ್ಮ ಹಳೆಯ ಸೀರೆಯ ಅಂಚಿನಿಂದ ಸಣ್ಣ ಚೀಲಗಳನ್ನು ಹೊಲಿದು, ಕಾಳು ತುಂಬಿ, ಕಣದಲ್ಲಿ ರಾಗಿ ಮುಚ್ಚುವ ಟಾರ್ಪಾಲಿನ ಅಂಚಿಗೆ ಸುತ್ತಲೂ ಕಟ್ಟಿದರು. ಎಂಥ ಗಾಳಿ ಬೀಸಿದರೂ ನಮ್ಮ ಟಾರ್ಪಾಲು ಏಳುತ್ತಿರಲಿಲ್ಲ. ಊರಿನಲ್ಲಿ ಅದನ್ನೂ ಆಡಿಕೊಂಡು ನಕ್ಕರು.

ನಗುವುದು ತಪ್ಪು ಎಂದು ಹೇಳಲಾರೆ, ನಾನೂ ನಕ್ಕವಳೇ. ಯಾಕೆಂದರೆ ಹಂದಿಗಳಿಗೆ ಬಹುಬೇಗ ಗೊತ್ತಾಗಿಹೋಯಿತು, ಈ ಮನೆಯ ಕೋವಿಗೆ ಬಾಯಿ ಮಾತ್ರ ಇದೆ ಎಂದು. ಮೊದಲೆಲ್ಲ ಒಂದು ಈಡಿಗೆ ಗುಡ್ಡದ ಆಚೆಗೆ ಓಡುತ್ತಿದ್ದವು, ಆಮೇಲೆ ಹೊಲದ ಅಂಚಿನವರೆಗೆ ಮಾತ್ರ ಓಡಿದವು, ಕೊನೆಕೊನೆಗೆ ತಲೆಯೆತ್ತಿ ನೋಡಿ ಮತ್ತೆ ತಿನ್ನುವುದಕ್ಕೆ ತೊಡಗಿದವು. ಹೊಲದ ಉಸ್ತುವಾರಿ ನನ್ನ ಕೈಗೆ ಬಂದ ಮೇಲೆ ನನಗೆ ನಗು ಬರುವುದು ನಿಂತಿತು. ಮದುವೆಯಾದ ಮೇಲೂ ನಾವು ಅಪ್ಪನ ಮನೆಯಲ್ಲೇ ಇದ್ದೆವು. ನನ್ನ ಗಂಡ ಬೇಲೂರಿನಲ್ಲಿ ಸಹಕಾರಿ ಬ್ಯಾಂಕಿನ ಕೆಲಸದವರು, ಬೆಳಿಗ್ಗೆ ಹೋದರೆ ಸಂಜೆ ಬರುವವರು. ಡಬ್ಬ ಬಡಿಯುವುದು, ಪಟಾಕಿ ಹಚ್ಚುವುದು, ಬೈಯುವುದು ಎಲ್ಲ ನನ್ನ ಪಾಲಿಗೆ. ಬೈಯುವುದರಲ್ಲಿ ನಾನು ಅಪ್ಪನ ಮಗಳಲ್ಲ. ಹಂದಿಗಳ ಏಳು ತಲೆಮಾರನ್ನು ಸೇರಿಸಿ ಬೈಯುತ್ತಿದ್ದೆ, ಅಪ್ಪ ಕಿವಿಗೆ ಕೈಯಿಟ್ಟುಕೊಂಡು ಒಳಗೆ ಹೋಗುತ್ತಿದ್ದರು.

ಒಂದು ಸಲ ಅರಸೀಕೆರೆಯ ಅಂಗಡಿಯಲ್ಲೇ ಜಗಳ ತೆಗೆದೆ. ಸಾಹೇಬರು ತಟ್ಟೆ ಮುಂದಿಟ್ಟಿದ್ದರು. "ನಾಲ್ಕು ತೋಟೆ ಆದರೂ ಹಾಗೇ ಇರಲಿ ಅಪ್ಪ, ಕಾಳು ತೆಗೆಸಬೇಡಿ," ಎಂದೆ. ಅಪ್ಪ ತೋಟೆಗಳನ್ನು ಒಂದೊಂದಾಗಿ ಸಾಹೇಬರ ಕಡೆಗೆ ಜರುಗಿಸಿದರು. ಸಾಹೇಬರು ನನ್ನ ಮುಖ ನೋಡಿ, ಅಪ್ಪನ ಮುಖ ನೋಡಿ, ಕೆಲಸ ಶುರು ಮಾಡಿದರು. ಅವತ್ತು ಆ ಸಾಸಿವೆಯ ಸದ್ದಿಗೆ ನನಗೆ ನಿದ್ದೆ ಬರಲಿಲ್ಲ, ಮೈ ಉರಿಯಿತು.

ಹೋದ ವರ್ಷ ಜೋಳ ತೆನೆಗಟ್ಟುವ ಹೊತ್ತಿನಲ್ಲಿ, ಹಾಡಹಗಲಿನಲ್ಲಿ, ಪಕ್ಕದ ಹೊಲದವರ ಮೇಲೆ ಒಂದು ಒಂಟಿ ಹಂದಿ ಬಿತ್ತು. ಕೂಗು ಕೇಳಿ ಅಪ್ಪ ಕೋವಿ ಹಿಡಿದು ಓಡಿದರು, ಹಿಂದೆ ನಾನು. ಅಪ್ಪ ಗಾಳಿಗೆ ಎರಡು ಈಡು ಹೊಡೆದರು. ಹಂದಿ ಕದಲಲಿಲ್ಲ. ಆ ಮನುಷ್ಯನ ತೊಡೆಗೆ ಮತ್ತೊಮ್ಮೆ ಕೋರೆ ಹಾಕಿತು. ಆಮೇಲೆ ಹತ್ತಾರು ಜನ ಕೂಡಿ ಕೂಗಿ, ಕಲ್ಲು ಬೀರಿದ ಮೇಲೆ ಗುಡ್ಡದ ಕಡೆ ಹೋಯಿತು. ಪಕ್ಕದ ಹೊಲದವರು ಉಳಿದರು, ಈಗ ಕುಂಟುತ್ತ ನಡೆಯುತ್ತಾರೆ. ಅಪ್ಪ ಅವತ್ತು ಕೋವಿಯನ್ನು ಒರೆಸಿ, ಎಣ್ಣೆ ಹಚ್ಚಿ, ಬೀರುವಿಗೆ ಸೇರಿಸಿದವರು ಮತ್ತೆ ಹೊಲಕ್ಕೆ ಒಯ್ಯಲಿಲ್ಲ.

ಅದಾದ ಕೆಲವು ತಿಂಗಳಿಗೆ ಅಪ್ಪ ತಮ್ಮದೆಂಬ ವಸ್ತುಗಳನ್ನು ಒಂದೊಂದಾಗಿ ಕೊಡುವುದಕ್ಕೆ ಶುರು ಮಾಡಿದರು. ನಮ್ಮವರಲ್ಲಿ ವಯಸ್ಸಾದ ಮೇಲೆ ಹೀಗೆ ಕಡಿಮೆ ಮಾಡಿಕೊಳ್ಳುತ್ತ ಬರುವುದುಂಟು. ಇಷ್ಟು ಬಟ್ಟೆ ಸಾಕು, ಇಷ್ಟು ಪಾತ್ರೆ ಸಾಕು ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡು ಉಳಿದದ್ದನ್ನು ದಾಟಿಸುವುದು. ಸ್ಕೂಟರು ಚಿಕ್ಕಪ್ಪನ ಮಗನಿಗೆ ಹೋಯಿತು. ಕೈಗಡಿಯಾರ ಬಸದಿಯ ಪೂಜೆಯವರಿಗೆ. ಒಳ್ಳೆಯ ಉಣ್ಣೆಯ ಶಾಲು ಕುಂಟುವ ನೆರೆಯವರಿಗೆ. ಮನೆ ದಿನದಿಂದ ದಿನಕ್ಕೆ ಹಗುರಾಗುತ್ತಿತ್ತು. ಅಪ್ಪ ಜಗಲಿಯ ಮೇಲೆ ಕೂತು ಖಾಲಿ ಗೂಡುಗಳನ್ನು ನೋಡಿ ಸಮಾಧಾನಪಡುತ್ತಿದ್ದರು.

ಉಳಿದದ್ದು ಕೋವಿ. ಅದನ್ನು ಶಾಲಿನ ಹಾಗೆ ಕೊಟ್ಟುಬಿಡಲಾಗುವುದಿಲ್ಲ. ಒಂದೋ ಅಂಗಡಿಗೆ ಮಾರಬೇಕು, ಇಲ್ಲವೇ ಪರವಾನಗಿ ಇದ್ದವರಿಗೆ ಅನುಮತಿ ಪಡೆದು ದಾಟಿಸಬೇಕು, ಇಲ್ಲವೇ ಮನೆಯಲ್ಲೇ ಮಕ್ಕಳ ಹೆಸರಿಗೆ ಮಾಡಿಸಬೇಕು. ಅಪ್ಪನಿಗಿರುವುದು ನಾನೊಬ್ಬಳೇ. ಕೇಳುತ್ತಾರೆ ಎಂದು ಕಾದೆ. ಒಂದು ದಿನ ತಿಂಡಿ ತಿನ್ನುತ್ತ ಅಪ್ಪ ಹೇಳಿದರು:

"ಅರಸೀಕೆರೆಗೆ ಹೋಗಿ ಬರೋಣ ಕಣಮ್ಮ. ಕೋವಿಗೆ ಯಾರನ್ನಾದ್ರೂ ಹುಡುಕಬೇಕು. ಇದರಿಂದ ಒಂದು ಜೀವಾನೂ ತೆಗೆಯಲ್ಲ ಅಂತ ಮಾತು ಕೊಡೋರು ಸಿಕ್ಕಿದ್ರೆ ಕೊಟ್ಟುಬಿಡ್ತೀನಿ."

"ಅಂಥ ಮಾತು ಕೊಟ್ಟು ಕೋವಿ ಕೊಳ್ಳೋರು ಯಾರಪ್ಪ?"

"ಕೇಳಿದ್ರೆ ತಾನೇ ಗೊತ್ತಾಗೋದು."

ಎದುರಿಗೆ ಕೂತ ನನ್ನನ್ನು ಬಿಟ್ಟು ಊರೂರು ಅಲೆಯಲು ಹೊರಟಿದ್ದರು. ನನಗೆ ಕೋವಿಯೇನೂ ಬೇಕಿರಲಿಲ್ಲ. ಅಪ್ಪ ಒಂದು ಸಲ ನನ್ನನ್ನು ಕೇಳಬೇಕಿತ್ತು, ಅಷ್ಟೇ. ನಾನು ನಮ್ಮವರು ಮುಟ್ಟದ ಈರುಳ್ಳಿ ತಿನ್ನುತ್ತೇನೆ, ರಾತ್ರಿ ಊಟ ಮಾಡುತ್ತೇನೆ, ಬಾಯಿ ಜೋರು, ಅದಕ್ಕೇ ನನ್ನ ಮಾತು ಅವರಿಗೆ ಲೆಕ್ಕಕ್ಕಿಲ್ಲ ಎಂದು ತೀರ್ಮಾನಿಸಿ ಕಾರಿನ ಬಾಗಿಲನ್ನು ದಢಾರನೆ ಹಾಕಿದೆ.

ಅದು ಚುನಾವಣೆಯ ಕಾಲ. ಚುನಾವಣೆ ಬಂತೆಂದರೆ ಪರವಾನಗಿ ಇದ್ದವರೆಲ್ಲ ತಮ್ಮ ಕೋವಿಗಳನ್ನು ಠಾಣೆಗೋ ಕೋವಿ ಅಂಗಡಿಗೋ ಒಪ್ಪಿಸಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಸಾಹೇಬರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಂಡಸಿ ಕಡೆಯವು, ಬಾಣಾವರದ ಕಡೆಯವು, ಎಲ್ಲೆಲ್ಲಿಯವೋ ಕೋವಿಗಳು ಕೊರಳಿಗೆ ಚೀಟಿ ಕಟ್ಟಿಸಿಕೊಂಡು ಸಾಲುಸಾಲಾಗಿ ಮಲಗಿದ್ದವು. ಒಂದರ ಹಿಡಿಗೆ ಯಾರೋ ಮಗುವಿನ ಸ್ವೆಟರು ತೊಡಿಸಿದ್ದರು. ಇನ್ನೊಂದಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು, ಆಯುಧಪೂಜೆಯದಿರಬೇಕು. ಎಣ್ಣೆಯ ವಾಸನೆ ಎಂದಿಗಿಂತ ದಟ್ಟವಾಗಿತ್ತು. ಊರುಗಳೆಲ್ಲ ತಮ್ಮ ಸಿಟ್ಟನ್ನು ಇಲ್ಲಿ ತಂದಿಟ್ಟು ಹೋಗಿವೆ, ಈಗ ಹೊರಗೆ ಯಾರೂ ಯಾರನ್ನೂ ಏನೂ ಮಾಡುವುದಿಲ್ಲ ಎಂದು ಒಂದು ಗಳಿಗೆ ಅನ್ನಿಸಿ ನನ್ನ ಕೋಪವೂ ಸಡಿಲಿತು. ಬೆಂಚಿನ ಮೂಲೆಯಲ್ಲಿ ಜಾಗ ಮಾಡಿಕೊಂಡು ಕೂತೆ.

ಅಪ್ಪ ವಿಷಯ ಹೇಳಿದರು. ಸಾಹೇಬರಿಗೂ ವಯಸ್ಸಾಗಿದೆ, ಕನ್ನಡಕದ ಮೇಲಿಂದ ನೋಡುತ್ತಾರೆ. ನಾವು ತಂದಿದ್ದ ಕೋವಿಯನ್ನು ಕೈಗೆ ತೆಗೆದುಕೊಂಡು, ಬಾಗಿಸಿ, ನಳಿಗೆಯೊಳಗೆ ಬೆಳಕು ಹಾಯಿಸಿ ನೋಡಿದರು.

"ಒಳ್ಳೆ ಮಾಲು ಯಜಮಾನ್ರೆ. ನಾಳೇನೇ ಗಿರಾಕಿ ಬತ್ತಾರೆ. ಆದ್ರೆ ನಾನು ಮಾತು ಕೊಡಕ್ಕಾಗಲ್ಲ."

"ನೀವು ಕೊಳ್ಳೋರ ಹತ್ರ ಮಾತು ತಗೊಂಡ್ರೆ ಸಾಕು."

"ತಗೊಂಡು ಏನ್ಮಾಡ್ಲಿ? ಅವರ ಹಿಂದೇನೇ ಹೊಲಕ್ಕೆ ಹೋಗಿ ಕಾಯ್ಲಾ?" ಎಂದು ನಕ್ಕವರು, ಅಪ್ಪ ನಗದಿದ್ದುದನ್ನು ಕಂಡು ಕೋವಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಬೇಜಾರು ಮಾಡ್ಕೋಬೇಡಿ. ನಿಮಗೆ ಸುಳ್ಳು ಹೇಳಕ್ಕೆ ನನಗೆ ಮನಸ್ಸು ಬರಲ್ಲ. ನಿಮ್ಮ ಮಗಳು ಇದಾರಲ್ಲ, ಅವರ ಹೆಸರಿಗೇ ಮಾಡಿಸ್ರಿ."

ಅಪ್ಪ ಗೋಡೆಯ ಕಡೆ ನೋಡಿದರು. "ಬೇಡ ಸಾಹೇಬ್ರೆ. ಅವಳಿಗೆ ಬೇಡ."

ಸಾಹೇಬರು ಟೀ ತರಿಸಲೇ ಎಂದರು. ನಾನು ಬೇಡವೆಂದು ಎದ್ದೆ. ಹೊರಗೆ ಬಂದು ಎದುರಿನ ಹೋಟೆಲಿನಲ್ಲಿ ಬೇಕೆಂದೇ ಈರುಳ್ಳಿ ದೋಸೆ ತರಿಸಿಕೊಂಡೆ. ಅಪ್ಪ ಪಕ್ಕದ ಮೇಜಿನಲ್ಲಿ ಅಮ್ಮ ಕಟ್ಟಿಕೊಟ್ಟ ಬುತ್ತಿ ಬಿಚ್ಚಿದರು. ಹೋಟೆಲಿನವರು ಅವರನ್ನು ಎಷ್ಟೋ ವರ್ಷಗಳಿಂದ ಬಲ್ಲವರು, ಏನೂ ಅನ್ನುವುದಿಲ್ಲ. ದೋಸೆ ರುಚಿಯಾಗಿತ್ತು, ಆದರೂ ಅರ್ಧಕ್ಕೇ ಬಿಟ್ಟು ಎದ್ದೆ. ಅವಳಿಗೆ ಬೇಡ ಎಂದ ಮಾತೇ ಕಿವಿಯಲ್ಲಿತ್ತು.

ಚುನಾವಣೆ ಮುಗಿದು ಎಲ್ಲರ ಜೊತೆ ನಾವೂ ಕೋವಿ ಬಿಡಿಸಿಕೊಂಡ ಮೇಲೆ ಅಪ್ಪ ಬೇಲೂರಿಗೆ ಹೋಗೋಣ ಎಂದರು. ಬೇಲೂರಿನ ಅಂಗಡಿ ಬೇರೆಯೇ ಜಗತ್ತು. ಅಲ್ಲಿ ಮಬ್ಬಿಲ್ಲ, ಟ್ಯೂಬ್‌ಲೈಟು ಉರಿಯುತ್ತಿರುತ್ತದೆ. ಕೋವಿಗಳ ಜೊತೆಗೆ ತಲೆಗೆ ಕಟ್ಟುವ ಟಾರ್ಚು, ಗಂಬೂಟು, ಛರ್ರೆಂದು ಕೂಗುವ ಸೈರನ್ನು, ಮಂಗ ಓಡಿಸುವ ಏರ್‌ಗನ್ನು ಎಲ್ಲವನ್ನೂ ಮಾರುತ್ತಾರೆ. ಅಂಗಡಿಯ ಯುವಕ ಜೀನ್ಸ್ ಹಾಕಿದವನು, ಒಂದು ಕಿವಿಯಲ್ಲಿ ಫೋನಿನ ಗುಂಡಿ ಸಿಕ್ಕಿಸಿಕೊಂಡೇ ಮಾತಾಡುವವನು. ಕಿಟಕಿಯಿಂದ ನೋಡಿದರೆ ದೇವಸ್ಥಾನಕ್ಕೆ ಹೊರಟ ಪ್ರವಾಸಿಗರ ಬಸ್ಸುಗಳು ಒಂದರ ಹಿಂದೊಂದು ನಿಧಾನವಾಗಿ ತಿರುಗುತ್ತಿದ್ದವು. ಬಿಸಿಲಿಗೆ ಅವುಗಳ ಗಾಜು ಮಿಂಚಿ ಅಂಗಡಿಯ ಗೋಡೆಯ ಮೇಲೆ, ನಳಿಗೆಗಳ ಮೇಲೆ ಬೆಳಕಿನ ತುಂಡುಗಳು ಹರಿದುಹೋಗುತ್ತಿದ್ದವು. ನಾನು ಅವನ್ನೇ ನೋಡುತ್ತ ಎಲ್ಲೋ ಕಳೆದುಹೋಗಿದ್ದೆ.

ಅಂಗಡಿಯಲ್ಲಿ ಇನ್ನೊಬ್ಬ ಗಿರಾಕಿ ಇದ್ದರು. ಅರೇಹಳ್ಳಿ ಕಡೆಯ ಕಾಫಿ ತೋಟದವರು, ದೊಡ್ಡ ದನಿ, ದೊಡ್ಡ ಮೀಸೆ, ಧಾರಾಳವಾದ ನಗು. ನಾವು ಒಳಗೆ ಬಂದಾಗ ಅವರು ಯುವಕನಿಗೆ ಹೋದ ವಾರದ ಹಂದಿ ಸಾರಿನ ರುಚಿಯನ್ನು ವಿವರಿಸುತ್ತಿದ್ದರು. ನಮ್ಮನ್ನು ಕಂಡು ದನಿ ತಗ್ಗಿಸಿದರು, ಆದರೆ ತಗ್ಗಿದ ಮೇಲೂ ಅದು ಬಾಗಿಲವರೆಗೆ ಕೇಳುತ್ತಿತ್ತು. ಅಪ್ಪ ಕೋವಿಯ ವಿಷಯ ಯುವಕನಿಗೆ ಹೇಳಿದಾಗ ಅವನಿಗಿಂತ ಮೊದಲು ಇವರೇ ತಿರುಗಿದರು.

"ಎಲ್ಲಿ ಕೊಡಿ ನೋಡಣ." ಕೋವಿಯನ್ನು ಹೆಗಲಿಗೇರಿಸಿ, ಗೋಡೆಯ ಮೇಲಿನ ಕ್ಯಾಲೆಂಡರಿಗೆ ಗುರಿ ಹಿಡಿದರು. "ಹಳೇ ಕೆಲಸ. ಇಂಥದ್ದು ಈಗೆಲ್ಲಿ ಬತ್ತದೆ? ನನ್ ಲೈಸೆನ್ಸಿಗೆ ಇನ್ನೊಂದು ಸೇರಿಸಬಹುದು ಅಲ್ವೇನಪ್ಪ? ನಾನೇ ತಗೋತೀನಿ ಯಜಮಾನ್ರೆ."

"ಒಂದು ಮಾತು ಕೊಡಬೇಕಾಗ್ತದೆ," ಎಂದರು ಅಪ್ಪ. "ಇದರಿಂದ ಯಾವ ಜೀವಾನೂ ತೆಗೆಯಲ್ಲ ಅಂತ. ಸದ್ದಿಗೆ ಮಾತ್ರ."

ತೋಟದವರು ಒಂದು ಕ್ಷಣ ಕಣ್ಣು ಮಿಟುಕಿಸಿದರು. ಯುವಕ ಕಿವಿಯ ಗುಂಡಿ ತೆಗೆದ. ಆಮೇಲೆ ತೋಟದವರು ಅಪ್ಪನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಕುಲುಕಿದರು.

"ಅಯ್ಯೋ ಅದಕ್ಕೇನ್ರೀ. ಕೊಟ್ಟೆ ಮಾತು. ನಿಮ್ಮ ಕೋವೀಲಿ ಒಂದು ಗುಬ್ಬಿನೂ ಹೊಡೆಯಲ್ಲ, ಆಯ್ತಾ?"

ಅಪ್ಪನ ಮುಖ ಅರಳಿತು. ಎಷ್ಟೋ ತಿಂಗಳಿಂದ ಕಾಣದ ನೆಮ್ಮದಿ ಅಲ್ಲಿತ್ತು. "ಹಾಗಾದ್ರೆ ಮುಗೀತು," ಎಂದು ಯುವಕನ ಕಡೆ ತಿರುಗಿ, ಅನುಮತಿಗೆ ಏನೇನು ಬೇಕು ಎಂದು ಕೇಳತೊಡಗಿದರು.

ನನಗೆ ತಡೆಯಲಾಗಲಿಲ್ಲ. "ಅಪ್ಪ, ಸ್ವಲ್ಪ ಹೊರಗೆ ಬನ್ನಿ," ಎಂದೆ. ನನ್ನ ದನಿ ಕೇಳಿ ಅಪ್ಪ ಬಂದರು. ಅಂಗಡಿಯ ಮೆಟ್ಟಿಲ ಪಕ್ಕದಲ್ಲಿ ಒಂದು ಹೊಂಗೆ ಮರ, ಅದರ ನೆರಳಿನಲ್ಲಿ ನಿಂತೆವು.

"ಅವರು ಮಾತಾಡಿದ್ದು ಕೇಳಿಸಲಿಲ್ವಾ ನಿಮಗೆ? ಹೋದ ವಾರ ಹಂದಿ ತಿಂದಿದಾರೆ. ಈ ವಾರಾನೂ ತಿಂತಾರೆ, ನಿಮ್ಮ ಕೋವೀಲೇ ಹೊಡೆದು."

"ಕೇಳಿಸ್ತು."

"ಕೇಳಿಸಿದ್ರೂ ಅವರ ಮಾತು ನಂಬ್ತೀರಾ?"

"ನಂಬಲ್ಲ."

ಅಪ್ಪ ತಮ್ಮ ಟೋಪಿ ತೆಗೆದು ತಲೆ ಒರೆಸಿಕೊಂಡರು.

"ಮತ್ತೆ ನನ್ನನ್ನ ಯಾಕೆ ಕೇಳಲಿಲ್ಲ ಅಪ್ಪ? ಗೊತ್ತೇ ಇಲ್ಲದೋರ ಸುಳ್ಳು ಮಾತು ಆಗ್ತದೆ, ಮಗಳ ಮಾತು ಆಗಲ್ವಾ? ನಾನು ಅಷ್ಟು ಕೆಟ್ಟೋಳಾ?" ಎಂದೆ. ನಲವತ್ತು ದಾಟಿದ ಹೆಂಗಸು, ರಸ್ತೆಯಲ್ಲಿ ನಿಂತು ಅಳುತ್ತಿದ್ದೆ. ಬಸ್ಸಿನಿಂದ ಇಳಿದ ಪ್ರವಾಸಿಗರು ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು.

ಅಪ್ಪ ನಿಧಾನವಾಗಿ, ರಸ್ತೆಯ ಕಡೆ ನೋಡುತ್ತ ಮಾತಾಡಿದರು.

"ನಿನಗೆ ನೆನಪಿರಲ್ಲ ಕಣಮ್ಮ, ಸಣ್ಣೋಳು ನೀನು. ಚಾತುರ್ಮಾಸಕ್ಕೆ ಮುನಿಗಳು ಬಂದಿದ್ರು. ಎಲ್ಲ ಮಕ್ಕಳೂ ಒಂದೊಂದು ವ್ರತ ತಗೊಂಡ್ರು, ನೀನೂ ಹೋಗಿ ಕೈ ಮುಗಿದು, ಹೊತ್ತು ಮುಳುಗಿದ ಮೇಲೆ ನೀರೂ ಕುಡಿಯಲ್ಲ ಅಂದ್ಬಿಟ್ಟೆ. ಬೇರೆ ಮಕ್ಕಳು ನಾಲ್ಕು ದಿನಕ್ಕೆ ಮರೆತ್ರು. ಒಂದು ರಾತ್ರಿ ನಿನಗೆ ಜ್ವರ ಬಂತು. ಮೈ ಸುಡ್ತಿತ್ತು. ಮಾತ್ರೆ ನುಂಗು ಅಂದ್ರೆ ಬಾಯಿ ಬಿಡಲಿಲ್ಲ. ನಿಮ್ಮಮ್ಮ ಅತ್ತಳು, ನಾನು ಕಾಲು ಹಿಡಿದೆ. ಮುನಿಗಳ ಹತ್ರ ಓಡಿದೆ, ಅವರೇ ಹೇಳಿ ಕಳಿಸಿದ್ರು, ಮಗು ಕುಡೀಲಿ, ದೋಷ ಇಲ್ಲ ಅಂತ. ಅದನ್ನ ಹೇಳಿದ್ರೂ ಹಲ್ಲು ಕಚ್ಚಿಕೊಂಡು ಮಲಗಿದ್ದೆ ನೀನು. ಫಿಟ್ಸ್ ಬಂತು. ಬೆಳಗಾಗೋವರೆಗೆ ನಿನ್ನನ್ನ ಎತ್ಕೊಂಡು ಬಸದಿ ಜಗಲಿ ಮೇಲೆ ಮೂಡಲ ಕಡೆ ನೋಡ್ತಾ ಕೂತಿದ್ದೆ. ಬೆಳಕು ಹರೀತಿದ್ದ ಹಾಗೆ ನೀನೇ ನೀರು ಕೇಳಿದೆ."

ನನಗೆ ನಿಜವಾಗಿಯೂ ನೆನಪಿರಲಿಲ್ಲ. ನನ್ನದೇ ಕಥೆಯನ್ನು ಯಾರೋ ಬೇರೆಯವರದೆಂಬಂತೆ ಕೇಳುತ್ತಿದ್ದೆ.

"ಅವತ್ತೇ ತೀರ್ಮಾನ ಮಾಡಿದೆ, ಈ ಮಗು ಹತ್ರ ಯಾರೂ ಮಾತು ತಗೋಬಾರದು ಅಂತ. ಆಮೇಲೆ ಮುನಿಗಳು ಬಂದಾಗೆಲ್ಲ ನಿನ್ನನ್ನ ಅಂಗಡಿಗೆ ಕಳಿಸ್ತಿದ್ದೆ, ತೋಟಕ್ಕೆ ಕಳಿಸ್ತಿದ್ದೆ. ಈರುಳ್ಳಿ ತಿಂದ್ರೂ ಒಂದು ಮಾತು ಅನ್ನಲಿಲ್ಲ. ತಿನ್ನಲಿ ಅಂದ್ಕೊಂಡೆ. ಕೋವಿ ದಾಟಿಸೋವಾಗ ಮಾತು ಕೇಳೋದು ನನ್ನ ಧರ್ಮ, ಕೇಳದೆ ಕೊಡಕ್ಕಾಗಲ್ಲ. ಆ ಪುಣ್ಯಾತ್ಮ ಒಳಗಿದಾನಲ್ಲ, ಹಂದಿ ಮೇಲೆ ಬಿದ್ರೆ ಮಾತು ಮುರಿದು ಹೊಡೀತಾನೆ, ತನ್ನ ಜೀವಾನೋ ಇನ್ನೊಬ್ಬರ ಜೀವಾನೋ ಉಳಿಸ್ತಾನೆ. ಪಕ್ಕದೋರ ತೊಡೆ ಸೀಳೋದನ್ನ ನೋಡ್ತಾ ನಿಂತಿದ್ದೆನಲ್ಲ ನಾನು, ಮಾತು ಕೊಟ್ರೆ ನೀನೂ ಹಾಗೇ ನಿಲ್ತೀಯ. ಹಂದಿ ನಿನ್ನ ಮಕ್ಕಳ ಮೇಲೆ ಬಂದ್ರೂ, ಅಪ್ಪನಿಗೆ ಮಾತು ಕೊಟ್ಟಿದೀನಿ ಅಂತ ನೀನು ಹೊಡೆಯಲ್ಲ. ಅದು ನನಗೆ ಗೊತ್ತು."

ಹೊಂಗೆಯ ನೆರಳು ಅವರ ಬಿಳಿಯ ಅಂಗಿಯ ಮೇಲೆ ಅಲುಗಾಡುತ್ತಿತ್ತು. ಇಷ್ಟು ವರ್ಷ ನನ್ನನ್ನು ಸಡಿಲ ಬಿಟ್ಟಿದ್ದಾರೆ, ನಾನು ಅವರ ಎಣಿಕೆಗೆ ಬರುವವಳಲ್ಲ ಎಂದುಕೊಂಡಿದ್ದೆ. ನನ್ನ ಪ್ರತಿಯೊಂದು ಈರುಳ್ಳಿ ದೋಸೆಯನ್ನೂ ಅಪ್ಪ ಪಕ್ಕದ ಮೇಜಿನಲ್ಲಿ ಕೂತು ಸಂತೋಷದಿಂದ ನೋಡಿದ್ದರು. ಕಣ್ಣೊರೆಸಿಕೊಂಡು ಮೆಟ್ಟಿಲು ಹತ್ತಿದೆ.

ಒಳಗೆ ತೋಟದವರು ಇನ್ನೂ ಕೋವಿ ಹಿಡಿದು ಕ್ಯಾಲೆಂಡರಿಗೆ ಗುರಿ ಇಡುತ್ತಿದ್ದರು. "ಕ್ಷಮಿಸಿ, ಇದನ್ನ ಕೊಡ್ತಿಲ್ಲ," ಎಂದೆ. ಅವರು ಬೇಸರಪಟ್ಟುಕೊಳ್ಳದೆ, ಮನೆ ಮಾಲು ಮನೇಲೇ ಇರಲಿ ಬಿಡಮ್ಮ ಎಂದು ನನ್ನ ಕೈಗೆ ದಾಟಿಸಿದರು. ನಾನು ತಿಳಿದುಕೊಂಡಿದ್ದಕ್ಕಿಂತ ಅದು ಭಾರವಾಗಿತ್ತು. ಯುವಕನನ್ನು ಕೇಳಿದೆ: "ಅಪ್ಪನ ಹೆಸರಿಂದ ನನ್ನ ಹೆಸರಿಗೆ ಮಾಡಿಸೋಕೆ ಏನೇನು ಬೇಕು?" ಅವನು ಹೇಳುತ್ತ ಹೋದ, ನಾನು ತಲೆಯಾಡಿಸುತ್ತ ಹೋದೆ.

ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು. ಹೊರಗಿನ ಬೆಳಕು ಹಿಂದೆ ಇದ್ದುದರಿಂದ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳಿಸಿತು.

"ಹಾಗಾದ್ರೆ ನಾನು ಕೇಳಲೇಬೇಕಲ್ಲ ಮಗಾ. ಇದರಿಂದ ಜೀವ ತೆಗೆಯಲ್ಲ ಅಂತ ಮಾತು ಕೊಡ್ತೀಯಾ?"

ಕೇಳುತ್ತಲೇ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

"ಕೊಡಲ್ಲ," ಎಂದೆ.

ಅಪ್ಪ ಒಳಗೆ ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು.

"ಒಳ್ಳೇದಾಯ್ತು," ಎಂದರು.